ಗಿಡಮೂಲಿಕೆ ಔಷಧ ಮತ್ತು ಆಧುನಿಕ ಔಷಧ: ಪರಿಣಾಮ, ಸುರಕ್ಷತೆ

ಬೇರು, ತೊಗಟೆ, ಎಲೆ, ಹೂವು, ಬೀಜಗಳನ್ನೋ ಅವುಗಳ ಸಾರವನ್ನೋ ಹೆಚ್ಚು ಬೇರ್ಪಡಿಸದೆ ಬಳಸುವ ಮದ್ದಿಗೆ ಗಿಡಮೂಲಿಕೆ ಔಷಧ ಎನ್ನುತ್ತೇವೆ. ಕಷಾಯ, ಚೂರ್ಣ, ಲೇಹ್ಯ, ಅರಿಷ್ಟ, ತೈಲಗಳಿಂದ ಹಿಡಿದು ಇಂದಿನ ಕ್ಯಾಪ್ಸೂಲುಗಳವರೆಗೆ ಇದರ ರೂಪಗಳು ಹಲವು. ಆಧುನಿಕ ಔಷಧದಲ್ಲಿ ಸಾಮಾನ್ಯವಾಗಿ ಗುರುತು ಗೊತ್ತಿರುವ ಒಂದೋ ಎರಡೋ ರಾಸಾಯನಿಕಗಳು ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತವೆ. ಕರ್ನಾಟಕದ ಮನೆಗಳಲ್ಲಿ ಇವೆರಡರ ನಡುವೆ ಗೋಡೆಯಿಲ್ಲ. ಬೆಳಿಗ್ಗೆ ಬಿಪಿ ಗುಳಿಗೆ, ಸಂಜೆ ಅಮೃತಬಳ್ಳಿ ಕಷಾಯ. ಜ್ವರಕ್ಕೆ ಪ್ಯಾರಸಿಟಮಾಲ್, ಕಾಮಾಲೆಗೆ ನಾಟಿ ವೈದ್ಯರ ಪುಡಿ. ಇಂಗ್ಲಿಷ್ ಮದ್ದು ಉಷ್ಣವೆಂದು ಅಂಜುವವರೂ ಗಿಡದ ಮದ್ದಿಗೆ ಸೈಡ್ ಎಫೆಕ್ಟ್ ಇಲ್ಲವೆಂದು ನಂಬುವವರೂ ಬಹಳ. ಎರಡು ನಂಬಿಕೆಗಳೂ ಮದ್ದು ಎಲ್ಲಿಂದ ಬಂತು ಎಂಬುದೊಂದನ್ನೇ ನೋಡುತ್ತವೆ. ಇನ್ನೂರು ಚಿಲ್ಲರೆ ವರ್ಷಗಳ ಅನುಭವ ಹೇಳುವುದೇ ಬೇರೆ. ಕೈಗೆ ಬಂದದ್ದು ಹೆಸರಿಗೆ ತಕ್ಕ ವಸ್ತುವೇ, ಅದರಲ್ಲಿ ಸತ್ವ ಎಷ್ಟಿದೆ, ತೆಗೆದುಕೊಂಡವರನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡಿದ್ದಾರೆಯೇ, ಕೆಡುಕಾದಾಗ ಅದನ್ನು ಬರೆದಿಡುವವರು ಇದ್ದಾರೆಯೇ? ಮದ್ದಿನ ಯೋಗ್ಯತೆ ತಿಳಿಯುವುದು ಈ ಪ್ರಶ್ನೆಗಳಿಂದ.

ಹಳೆಯ ವೈದ್ಯರು ಗಿಡವೆಂದರೆ ನಿರಪಾಯ ಎಂದುಕೊಂಡಿರಲಿಲ್ಲ. ಆಯುರ್ವೇದ ವಿಷಗಳನ್ನು ಸ್ಥಾವರ, ಜಂಗಮ ಎಂದು ವಿಂಗಡಿಸಿ ಗಿಡಗಳ ವಿಷಕ್ಕೆ ಬೇರೆಯೇ ಸ್ಥಾನ ಕೊಟ್ಟಿದೆ. ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜ ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ವನ್ನು ಬರೆದ. ವತ್ಸನಾಭಿಯಂಥ ಬೇರನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಬೇಯಿಸಿ ಶೋಧಿಸಿದ ಮೇಲಷ್ಟೇ ಬಳಸಬೇಕೆಂಬ ಕಟ್ಟಳೆಯೂ ಇದೆ. ಹಾಗೆ ಬೇಯಿಸಿದಾಗ ಅಕೋನಿಟಿನ್ ಎಂಬ ಹೃದಯಘಾತಕ ವಸ್ತು ಒಡೆದು ವಿಷ ತಗ್ಗುತ್ತದೆಂದು ರಸಾಯನಶಾಸ್ತ್ರವೂ ಒಪ್ಪುತ್ತದೆ. ‘ಸಂಪೂರ್ಣ ನೈಸರ್ಗಿಕ, ಆದ್ದರಿಂದ ನಿರಪಾಯಕಾರಿ’ ಎಂಬುದು ಜಾಹೀರಾತುಗಳ ಸೃಷ್ಟಿ, ಪರಂಪರೆಯ ಮಾತಲ್ಲ.

ಬೇರಿನಿಂದ ಗುಳಿಗೆಗೆ

ಆಧುನಿಕ ಔಷಧಗಳಲ್ಲಿ ಗಣನೀಯ ಪಾಲು ಗಿಡಗಳಿಂದಲೇ ಬಂದದ್ದು. 1820ರಲ್ಲಿ ಪೆಲೆಟಿಯೇ ಮತ್ತು ಕವಾಂತು ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಅಲ್ಲಿಯವರೆಗೆ ಒಂದು ಮರದ ತೊಗಟೆ ಮಲೇರಿಯಾ ಜ್ವರ ಇಳಿಸಿದರೆ ಇನ್ನೊಂದು ಮರದ್ದು ಏನೂ ಮಾಡುತ್ತಿರಲಿಲ್ಲ. ತೊಗಟೆಯಲ್ಲಿ ಕ್ವಿನೈನ್ ಎಷ್ಟಿದೆ ಎಂಬುದು ಮರದ ತಳಿ, ವಯಸ್ಸುಗಳನ್ನು ಅವಲಂಬಿಸಿತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಹಳ್ಳಿಯ ಮುದುಕಿಯೊಬ್ಬಳ ಮನೆತನದ ಮದ್ದಿನಲ್ಲಿದ್ದ ಇಪ್ಪತ್ತಕ್ಕೂ ಮಿಕ್ಕ ಮೂಲಿಕೆಗಳ ಪೈಕಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಒಂದೇ ಎಂದು ಗುರುತಿಸಿ 1785ರಲ್ಲಿ ಪುಸ್ತಕ ಬರೆದ. ಗುಣವಾದವರ ಜೊತೆಗೆ ಪ್ರಮಾಣ ಮೀರಿ ವಾಂತಿಯಾದವರನ್ನು, ನಾಡಿ ಕುಗ್ಗಿದವರನ್ನು, ಕಣ್ಣಿಗೆ ಎಲ್ಲವೂ ಹಳದಿ-ಹಸಿರಾಗಿ ಕಂಡವರನ್ನು ಕೂಡ ಅವನು ಮುಚ್ಚಿಡದೆ ದಾಖಲಿಸಿದ. ಫಾಕ್ಸ್‌ಗ್ಲವ್ ಕುಲದ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಅದರ ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಇಂದಿಗೂ ಅಷ್ಟೇ ಸಣ್ಣದು.

ಭಾರತದ ಮಟ್ಟಿಗೆ ಸರ್ಪಗಂಧದ ಕಥೆ ಎಲ್ಲಕ್ಕಿಂತ ಬೋಧಪ್ರದ. ಹುಚ್ಚು, ನಿದ್ರಾಹೀನತೆಗಳಿಗೆ ಬಳಸುತ್ತಿದ್ದ ಈ ಬೇರಿನ ಬಗ್ಗೆ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಅದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಸಂಗಡಿಗರು ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಕಾಲೇಜಿನ ಸ್ಥಾಪಕರಾದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 50 ಮಂದಿ ರೋಗಿಗಳ ಮೇಲೆ ಬೇರಿನ ಪರಿಣಾಮವನ್ನು ಅಳೆದು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ವೈದ್ಯರ ಕಣ್ಣು ಇತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ರೆಸರ್ಪಿನ್ ಬೇರ್ಪಡಿಸಿದರು. ಎರಡು ವರ್ಷದೊಳಗೆ ಅಮೆರಿಕದ ಮನೋರೋಗ ಆಸ್ಪತ್ರೆಗಳಲ್ಲೂ ಅದು ಬಳಕೆಗೆ ಬಂತು.

ಕಥೆಯ ಮುಂದಿನ ಭಾಗವನ್ನು ಹೆಮ್ಮೆಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಸಾವಿರಾರು ಜನರಿಗೆ ಕೊಟ್ಟು ಲೆಕ್ಕವಿಟ್ಟಾಗ ಮೂಗು ಕಟ್ಟುವುದು, ಮಂಕುತನ, ಹೊಟ್ಟೆಹುಣ್ಣು ಕಂಡವು. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ವರದಿಯಾಯಿತು. 1974ರಲ್ಲಿ ಸ್ತನ ಕ್ಯಾನ್ಸರಿನ ಆರೋಪವೂ ಬಂದು ನಂತರದ ಅಧ್ಯಯನಗಳಲ್ಲಿ ಬಿದ್ದುಹೋಯಿತು. ಖಿನ್ನತೆಯ ನಂಟನ್ನೂ ಈಚಿನ ಪರಾಮರ್ಶೆಗಳು ಪ್ರಶ್ನಿಸಿವೆ. ಅಷ್ಟರಲ್ಲಿ ಹೊಸ ಬಿಪಿ ಔಷಧಗಳು ಬಂದು ರೆಸರ್ಪಿನ್ ಮೂಲೆಗೆ ಸರಿಯಿತು. ಒಂದು ಮದ್ದಿನ ಗುಣವೂ ದೋಷವೂ ಸುಳ್ಳು ಆರೋಪವೂ ಹೀಗೆ ಒಂದೊಂದಾಗಿ ಹೊರಬಂದದ್ದು ಅದನ್ನು ತೂಗಿ, ಕೊಟ್ಟು, ಬರೆದಿಟ್ಟದ್ದರಿಂದ. ಶತಮಾನಗಳ ಕಾಲ ಅದೇ ಬೇರನ್ನು ಅರೆದು ಕೊಡುತ್ತಿದ್ದಾಗ ಯಾರಿಗೆ ಮಂಕು ಕವಿಯಿತು ಎಂಬ ಲೆಕ್ಕ ಎಲ್ಲಿಯೂ ಇಲ್ಲ.

ಚೀನಾದ ತು ಯೂಯೂ ಮಲೇರಿಯಾ ಔಷಧ ಆರ್ಟೆಮಿಸಿನಿನ್‌ಗಾಗಿ 2015ರಲ್ಲಿ ನೊಬೆಲ್ ಪಡೆದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಕೈಪಿಡಿಯಲ್ಲಿ ಗಿಡವನ್ನು ತಣ್ಣೀರಲ್ಲಿ ನೆನೆಸಿ ಹಿಂಡಬೇಕೆಂದಿತ್ತು. ಕುದಿಸಿದರೆ ಸತ್ವ ಕೆಡುತ್ತದೆಂಬ ಸುಳಿವು ಅವರಿಗೆ ಅಲ್ಲಿಂದ ಸಿಕ್ಕಿತು. ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಆದರೆ ಅದೇ ಗಿಡದ ಚಹಾ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದು ಒಪ್ಪುವುದಿಲ್ಲ. ಚಹಾದಲ್ಲಿ ಔಷಧ ಸಾಲದೆ ಹೋಗಿ ರೋಗಾಣು ಅರ್ಧಂಬರ್ಧ ಸತ್ತು ಔಷಧಕ್ಕೆ ಜಗ್ಗದಂತಾಗುವ ಭಯವಿದೆ. ನಮ್ಮ ಅಂಗಳದ ಕಾಶಿ ಕಣಗಿಲೆಯದ್ದೂ ಇಂಥದೇ ತಿರುವು. ಜಮೈಕಾದಲ್ಲಿ ಅದರ ಎಲೆಯ ಚಹಾವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆಂದು ಕೆನಡಾದ ಸಂಶೋಧಕರು ಪರೀಕ್ಷಿಸಿದರೆ ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ರಕ್ತದ ಕ್ಯಾನ್ಸರಿಗೆ ಇಂದು ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬಂದದ್ದು ಆ ಗಿಡದಿಂದ. ಸಕ್ಕರೆಗೆಂದು ಈ ಎಲೆಯನ್ನು ಬರಿಹೊಟ್ಟೆಯಲ್ಲಿ ಜಗಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಗುಣವಾದದ್ದು ಯಾವುದರಿಂದ?

ಕಾಮಾಲೆಗೆ ನಾಟಿ ಮದ್ದು ಕೊಡುವವರ ಹೆಸರು ಪ್ರತಿ ತಾಲ್ಲೂಕಿನಲ್ಲಿಯೂ ಜನರಿಗೆ ಗೊತ್ತಿರುತ್ತದೆ. ಮೂರು ದಿನ ಪುಡಿ, ಹಾಲು-ಮಜ್ಜಿಗೆಯ ಪಥ್ಯ, ಎಣ್ಣೆ-ಉಪ್ಪು ಬಿಡಬೇಕು. ಹೆಚ್ಚಿನವರಿಗೆ ವಾಸಿಯಾಗುವುದೂ ನಿಜ. ಆದರೆ ನೀರು-ಆಹಾರದಿಂದ ಹರಡುವ ಹೆಪಟೈಟಿಸ್ ಎ ಏನೂ ಕೊಡದಿದ್ದರೂ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ತಾನಾಗಿ ಇಳಿಯುವ ರೋಗಕ್ಕೆ ಯಾವ ಪುಡಿ ಕೊಟ್ಟರೂ ಕೀರ್ತಿ ಪುಡಿಯದೇ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡೋ ಗಡ್ಡೆ ಬೆಳೆದೋ ಬಂದ ಕಾಮಾಲೆ ಆ ಪುಡಿಗೆ ಬಗ್ಗುವುದಿಲ್ಲ. ಪಥ್ಯ ಮಾಡುತ್ತ ಕಳೆದ ವಾರಗಳು ಮರಳಿ ಬರುವುದೂ ಇಲ್ಲ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಗಂಭೀರವಾಗಿಯೇ ಪರೀಕ್ಷಿಸಿದ್ದಾರೆ. ಮದ್ರಾಸಿನಲ್ಲಿ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಇರುವವರಿಗೆ 30 ದಿನ ನೆಲನೆಲ್ಲಿ ಕೊಟ್ಟರು. 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಹುಸಿ ಮದ್ದು ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂದಾಗ ಜಗತ್ತು ಹುಬ್ಬೇರಿಸಿತು. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದರೆ ಆ ಫಲ ಸಿಗಲಿಲ್ಲ, ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2011ರ ಕೊಕ್ರೇನ್ ಪರಾಮರ್ಶೆಗೂ ನಂಬುವಂಥ ಸಾಕ್ಷ್ಯ ಕಾಣಲಿಲ್ಲ. ಒಂದು ಪ್ರಯೋಗದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುವುದು ಅಲೋಪಥಿ ಗುಳಿಗೆಗಳಿಗೂ ದಿನನಿತ್ಯದ ಅನುಭವ. ಅದಕ್ಕೇ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನೋಡಿಕೊಂಡು, ಪ್ರಯೋಗವನ್ನು ಮತ್ತೆ ಮತ್ತೆ ಮಾಡುವ ಪದ್ಧತಿ ಬೆಳೆದದ್ದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ 1948ರ ಬ್ರಿಟಿಷ್ ಪ್ರಯೋಗ ಇದಕ್ಕೆ ಮೇಲ್ಪಂಕ್ತಿ ಹಾಕಿತು.

ಈ ಒರೆಗಲ್ಲಿಗೆ ಹಚ್ಚಿದಾಗ ಮೂಲಿಕೆಗಳೆಲ್ಲ ಒಂದೇ ಬಣ್ಣ ತೋರುವುದಿಲ್ಲ. ಇಸಬ್‌ಗೋಲ್ ಮಲಬದ್ಧತೆಗೂ ಕೆಟ್ಟ ಕೊಲೆಸ್ಟೆರಾಲ್ ತುಸು ಇಳಿಸುವುದಕ್ಕೂ ಗಟ್ಟಿ ಸಾಕ್ಷ್ಯ ಹೊಂದಿದೆ. ಬಸುರಿಯರ ವಾಕರಿಕೆಗೆ ಶುಂಠಿ ಕೆಲಸಕ್ಕೆ ಬರುತ್ತದೆ. ಯೂರೋಪಿನ ಸೇಂಟ್ ಜಾನ್ಸ್ ವರ್ಟ್ ಸೌಮ್ಯ ಹಾಗೂ ಮಧ್ಯಮ ಖಿನ್ನತೆಯಲ್ಲಿ ಹುಸಿಮಾತ್ರೆಗಿಂತ ಮೇಲು, ಗುಳಿಗೆಗಳಿಗೆ ಸರಿಸಮ ಎಂದು 29 ಪ್ರಯೋಗಗಳ 2008ರ ಪರಾಮರ್ಶೆ ಹೇಳಿತು. ನೆನಪಿನ ಶಕ್ತಿಗೆಂದು ಹೆಸರಾದ ಗಿಂಕೋ 3,000ಕ್ಕೂ ಹೆಚ್ಚು ವೃದ್ಧರ ಮೇಲಿನ ಅಮೆರಿಕದ ಪ್ರಯೋಗದಲ್ಲಿ ಮರೆಗುಳಿತನವನ್ನು ತಡೆಯಲಿಲ್ಲ. ಗುಗ್ಗುಳದಿಂದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕೊಲೆಸ್ಟೆರಾಲಿಗೆಂದು ಔಷಧ ತಯಾರಿಸಿತು, ಭಾರತದಲ್ಲಿ ಅದು ಮಾರಾಟಕ್ಕೂ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಜನರಿಗೆ 8 ವಾರ ಕೊಟ್ಟು ನೋಡಿದರೆ ಕೆಟ್ಟ ಕೊಲೆಸ್ಟೆರಾಲ್ ಇಳಿಯುವ ಬದಲು ಸ್ವಲ್ಪ ಏರಿತು.

ಆಯುರ್ವೇದದಲ್ಲಿ ಒಬ್ಬೊಬ್ಬರ ಪ್ರಕೃತಿಗೆ ಒಂದೊಂದು ಚಿಕಿತ್ಸೆ, ಅದನ್ನು ಹೀಗೆ ಅಳೆಯಲಾಗದು ಎಂಬ ವಾದವಿದೆ. ಕೊಯಮತ್ತೂರಿನಲ್ಲಿ ಅಮೆರಿಕದ ಸಂಧಿವಾತ ತಜ್ಞರೊಡನೆ ಸೇರಿ ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಜವಾಬು. 43 ರೋಗಿಗಳಿಗೆ ವೈದ್ಯರು ತಮಗೆ ಸರಿಕಂಡಂತೆ ಮದ್ದು ಬದಲಿಸುತ್ತ ಹೋಗಲು ಬಿಟ್ಟು, ಅದನ್ನು ಮೆಥೊಟ್ರೆಕ್ಸೇಟ್ ಎಂಬ ಆಧುನಿಕ ಔಷಧದ ಜೊತೆ, ಯಾರಿಗೆ ಯಾವುದು ಸಿಕ್ಕಿತೆಂದು ತಿಳಿಯದಂತೆಯೇ ಹೋಲಿಸಿದರು. 36 ವಾರಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ ಬಂದವು. ತೀರ್ಮಾನಕ್ಕೆ ಸಾಲದಷ್ಟು ಚಿಕ್ಕ ಪ್ರಯೋಗ ಅದು. ಆದರೆ ಮನಸ್ಸಿದ್ದರೆ ಅಳೆಯಬಹುದೆಂದು ತೋರಿಸಿತು.

ಉಪ್ಪಾಗೆಯ ಏರಿಳಿತ

ಮಲೆನಾಡಿನವರಿಗೆ ಉಪ್ಪಾಗೆ ಔಷಧಕ್ಕಿಂತ ಮೊದಲು ಹುಳಿ. ಒಣಗಿಸಿದ ಸಿಪ್ಪೆ ಸಾರಿಗೆ, ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಅಡುಗೆಗೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈಯಲ್ಲಿ ಕೊಬ್ಬು ತಯಾರಾಗುವ ದಾರಿಯಲ್ಲಿನ ಒಂದು ಕಿಣ್ವವನ್ನು ತಡೆಯುತ್ತದೆಂಬ ಸುದ್ದಿ ಹೊರಟದ್ದೇ, 1990ರ ದಶಕದಲ್ಲಿ ಶಿರಸಿ, ಸಿದ್ದಾಪುರ ಸೀಮೆಯ ಕಾಡಿನ ಈ ಕಾಯಿಗೆ ಅಮೆರಿಕದ ತೂಕ ಇಳಿಸುವ ಮಾರುಕಟ್ಟೆ ತೆರೆಯಿತು. ಹಣ್ಣು ಬರುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆ ಒಣಗಿಸಲು ಒಲೆ ಹೂಡಬೇಕು, ಒಲೆಗೆ ಕಾಡಿನ ಸೌದೆಯೇ ಬೇಕು. ಬೇರೆಯವರು ಕೊಯ್ದಾರೆಂದು ಬಲಿಯುವ ಮೊದಲೇ ಕೊಯ್ಯುವುದು, ಕೊಂಬೆ ಕಡಿಯುವುದು ನಡೆಯಿತು.

ಇಷ್ಟೆಲ್ಲ ಯಾವುದಕ್ಕೆ? 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ದಪ್ಪಗಿದ್ದ 135 ಜನರಿಗೆ 12 ವಾರ ಉಪ್ಪಾಗೆ ಸಾರವನ್ನೋ ಹುಸಿಮಾತ್ರೆಯನ್ನೋ ಕೊಟ್ಟರು. ಉಪ್ಪಾಗೆ ಪಡೆದವರು ಸರಾಸರಿ 3.2 ಕಿಲೋ ಇಳಿದರು, ಹುಸಿಮಾತ್ರೆಯವರು 4.1 ಕಿಲೋ. ಪ್ರಯೋಗಶಾಲೆಯಲ್ಲಿ ಕಿಣ್ವವನ್ನು ತಡೆದದ್ದೆಲ್ಲ ಮನುಷ್ಯನ ಸೊಂಟದಲ್ಲಿ ಕೆಲಸ ಮಾಡಬೇಕೆಂದಿಲ್ಲ. ಸಾಲದ್ದಕ್ಕೆ ಉಪ್ಪಾಗೆ ಸಾರವಿರುವ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಕಾಣಿಸಿಕೊಂಡವು. ಸಾರಿನಲ್ಲಿ ಎರಡು ಸಿಪ್ಪೆ ಹಾಕಿ ಉಣ್ಣುವುದಕ್ಕೂ ಸಾಂದ್ರೀಕರಿಸಿದ ಸಾರವನ್ನು ತಿಂಗಳುಗಟ್ಟಲೆ ನುಂಗುವುದಕ್ಕೂ ಸಂಬಂಧವೇ ಇಲ್ಲ. ಅಡುಗೆಮನೆಯ ಪರಿಚಯ ಕ್ಯಾಪ್ಸೂಲಿಗೆ ಜಾಮೀನಾಗದು.

ಅರಿಶಿನಕ್ಕೂ ಇದೇ ಮಾತು. ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಸೇರಿಸಿ ಕೊಟ್ಟಾಗ ಅದು ರಕ್ತಕ್ಕೆ ಸೇರುವುದು ಶೇ 2,000ದಷ್ಟು ಹೆಚ್ಚಿತು. ಆ ಜೋಡಿ ಇಂದು ಜಗತ್ತಿನೆಲ್ಲೆಡೆ ಡಬ್ಬಿಗಳಲ್ಲಿ ಸಿಗುತ್ತದೆ. ಹೀರಿಕೆ ಹೆಚ್ಚಿಸಿದ ಇಂಥ ಮಾತ್ರೆಗಳು ಹರಡಿದ ಮೇಲೆ ಅರಿಶಿನದಿಂದ ಯಕೃತ್ತಿಗೆ ಪೆಟ್ಟಾದವರ ವರದಿಗಳೂ ಬರತೊಡಗಿದವು. ಅಮೆರಿಕದ ಒಂದು ಅಧ್ಯಯನದ 10 ರೋಗಿಗಳಲ್ಲಿ 7 ಮಂದಿಗೆ ಒಂದೇ ಬಗೆಯ ರೋಗನಿರೋಧಕ ವಂಶವಾಹಿ ಇತ್ತು. ಎಲ್ಲರಿಗೂ ಆಗದ್ದು ಕೆಲವರಿಗೆ ಮಾತ್ರ ಏಕೆ ಆಗುತ್ತದೆ ಎಂಬುದಕ್ಕೆ ಇದೊಂದು ಎಳೆ.

ಮೂಲಿಕೆಗಳ ಹಾನಿ

ಬ್ರಸೆಲ್ಸ್‌ನ ಒಂದು ಚಿಕಿತ್ಸಾಲಯದಲ್ಲಿ 1990ರ ಸುಮಾರಿಗೆ ತೂಕ ಇಳಿಸಲು ಚೀನೀ ಮೂಲಿಕೆ ಸೇರಿದ ಕ್ಯಾಪ್ಸೂಲು ಕೊಡುತ್ತಿದ್ದರು. ಫಾಂಗ್‌ಜಿ ಎಂಬ ಬೇರಿನ ಬದಲು ಹೆಸರು ಹೋಲುವ ಗ್ವಾಂಗ್ ಫಾಂಗ್‌ಜಿ, ಅಂದರೆ ಅರಿಸ್ಟೊಲೋಕಿಯ ಜಾತಿಯ ಬೇರು, ಅದರೊಳಗೆ ಸೇರಿಕೊಂಡಿತ್ತು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಹಾಳಾಯಿತು. ಹಾಳಾದ ಮೂತ್ರಪಿಂಡ, ಮೂತ್ರನಾಳಗಳನ್ನು ತೆಗೆಸಿಕೊಂಡ 39 ಜನರನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಅರಿಸ್ಟೊಲೋಕಿಕ್ ಆಮ್ಲವಿರುವ ಸಸ್ಯಗಳನ್ನು ಈಗ ನಿಸ್ಸಂದೇಹವಾಗಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ಇದು ದೂರದ ಸಂಗತಿಯಲ್ಲ. ನಮ್ಮ ಈಶ್ವರಿ ಬಳ್ಳಿ ಅದೇ ಕುಲದ್ದು, ಹಾವಿನ ವಿಷಕ್ಕೆಂದು ಹೆಸರಾದದ್ದು. ಈ ಆಮ್ಲದ ಕೆಡುಕು ಕಾಣಿಸಲು ವರ್ಷಗಳೇ ಹಿಡಿಯುವುದರಿಂದ, ಎಷ್ಟು ಅನುಭವಿ ವೈದ್ಯನಾದರೂ ಕೊಟ್ಟ ಮದ್ದಿಗೂ ಮುಂದೆಂದೋ ಬಂದ ಮೂತ್ರಪಿಂಡದ ರೋಗಕ್ಕೂ ಗಂಟು ಹಾಕಲಾರ. ‘ತಲೆತಲಾಂತರದಿಂದ ಬಳಸಿದ್ದೇವೆ, ಏನೂ ಆಗಿಲ್ಲ’ ಎಂಬ ವಾದ ಸೋಲುವುದು ಇಲ್ಲಿಯೇ. ತಕ್ಷಣ ವಾಂತಿ ತರಿಸುವ ಬೇರನ್ನು ಪರಂಪರೆ ಗುರುತಿಸಿ ದೂರವಿಟ್ಟಿದೆ. ನಿಧಾನದ ವಿಷ, ಸಾವಿರಕ್ಕೊಬ್ಬರಿಗೆ ಆಗುವ ಹಾನಿ ಅದರ ಕಣ್ಣಿಗೆ ಬೀಳುವುದಿಲ್ಲ.

ಅಮೃತಬಳ್ಳಿಯ ವಿವಾದ ಇನ್ನೂ ಆರಿಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಊರೆಲ್ಲ ಅದರ ಕಷಾಯ ಕುಡಿಯಿತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡೆವೆಂದು ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಹೋಲುವ ಬೇರೆ ಜಾತಿಯ ಬಳ್ಳಿ ಬಳಸಿರಬಹುದು ಎಂದಿತು. ಮರುವರ್ಷ ದೇಶದ 13 ಕೇಂದ್ರಗಳ 43 ರೋಗಿಗಳ ಅಧ್ಯಯನ ರೋಗಿಗಳ ಬಳಿಯಿದ್ದ ಮಾದರಿಗಳನ್ನೂ ವಿಶ್ಲೇಷಿಸಿ ಅಮೃತಬಳ್ಳಿಯತ್ತಲೇ ಬೊಟ್ಟು ಮಾಡಿತು. ರೋಗನಿರೋಧಕ ವ್ಯವಸ್ಥೆ ತನ್ನ ಯಕೃತ್ತಿನ ಮೇಲೆ ತಿರುಗಿ ಬೀಳುವ ಬಗೆಯ ಉರಿಯೂತ ಅದು. ಮೊದಲೇ ಥೈರಾಯ್ಡ್‌ನಂಥ ತೊಂದರೆ ಇದ್ದವರು ಅವರಲ್ಲಿ ಹಲವರು. ಕುಡಿದ ಕೋಟ್ಯಂತರ ಜನರಲ್ಲಿ ಹೀಗಾದದ್ದು ಎಷ್ಟು ಮಂದಿಗೆ ಎಂಬ ಲೆಕ್ಕ ಸಿಗುವುದಿಲ್ಲ, ಏಕೆಂದರೆ ಅಂಗಳದ ಬಳ್ಳಿಗೆ ಬ್ಯಾಚ್ ನಂಬರೂ ಇಲ್ಲ, ಮಾರಾಟದ ಲೆಕ್ಕವೂ ಇಲ್ಲ.

ಕಲಬೆರಕೆ ಮತ್ತೊಂದು ದೊಡ್ಡ ತೊಡಕು. ಶಂಖಪುಷ್ಪಿ ಎಂದರೆ ಒಂದೂರಿನಲ್ಲಿ ವಿಷ್ಣುಕ್ರಾಂತಿ, ಇನ್ನೊಂದೂರಿನಲ್ಲಿ ಬೇರೆಯೇ ಗಿಡ. ಗ್ರಂಥಿಗೆ ಅಂಗಡಿಗಳಲ್ಲಿ ಅಶೋಕದ ತೊಗಟೆಯೆಂದು ಮಾರುವುದರಲ್ಲಿ ಬಹುಪಾಲು ಅಶೋಕದ್ದೇ ಅಲ್ಲವೆಂದು ಡಿಎನ್ಎ ಪರೀಕ್ಷೆಗಳು ತೋರಿಸಿವೆ. ಕಾಡಿನಲ್ಲಿ ಅಶೋಕ ವಿರಳವಾಗಿದೆ, ಬೇಡಿಕೆ ಮಾತ್ರ ಏರುತ್ತಲೇ ಇದೆ. ಬೆರಕೆ ಆಗದೆ ಇನ್ನೇನಾದೀತು? ಮಂಡಿನೋವಿನ ‘ಆಯುರ್ವೇದಿಕ್’ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಒಳಗೆ ಸ್ಟಿರಾಯ್ಡ್ ಇದೆಯೇ ಎಂದು ಸಂಶಯಪಡುವುದು ಜಾಣತನ. ಲೋಹಗಳದ್ದು ಇನ್ನೊಂದು ಬಗೆ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದ ವರದಿ 2008ರಲ್ಲಿ ಬಂತು: ಐದರಲ್ಲೊಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್. ಅಮೆರಿಕದಲ್ಲಿ ಮಾಡಿದವಕ್ಕೂ ಭಾರತದಲ್ಲಿ ಮಾಡಿದವಕ್ಕೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ರಸಶಾಸ್ತ್ರದ ಭಸ್ಮಗಳಲ್ಲಿ ಲೋಹವನ್ನು ಬೇಕೆಂದೇ ಸೇರಿಸುತ್ತಾರೆ, ಪುಟ ಕೊಟ್ಟರೆ ವಿಷ ಹೋಗುತ್ತದೆನ್ನುತ್ತಾರೆ. ಆದರೂ ಇಂಥ ಮದ್ದು ತೆಗೆದುಕೊಂಡವರ ರಕ್ತದಲ್ಲಿ ಸೀಸ ಏರಿದ್ದನ್ನು ವೈದ್ಯರು ಮತ್ತೆ ಮತ್ತೆ ಅಳೆದಿದ್ದಾರೆ. ಊರಿನಿಂದ ಚೂರ್ಣ, ಗುಳಿಗೆ ತರಿಸಿಕೊಳ್ಳುವ ವಿದೇಶದ ಕನ್ನಡಿಗರು, ಅದರಲ್ಲೂ ಬಸುರಿಯರು, ಇದನ್ನು ಗಮನಿಸಬೇಕು. ನ್ಯೂಯಾರ್ಕ್ ನಗರದಲ್ಲಿ ಹೀಗೆ ಸೀಸದ ವಿಷವೇರಿದ 6 ಮಂದಿ ಗರ್ಭಿಣಿಯರ ವರದಿ 2012ರಲ್ಲಿ ಬಂದಿತ್ತು.

ಆಧುನಿಕ ಔಷಧಗಳ ಹಾನಿ

ಈ ಕಡೆಯ ಪಟ್ಟಿ ಚಿಕ್ಕದೇನಲ್ಲ, ಬಹುಶಃ ಉದ್ದವೇ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವಿಷ 1986ರಲ್ಲಿ ಮುಂಬೈಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ರೂಪದಲ್ಲಿ 14 ಜನರನ್ನು ಕೊಂದಿತು. 2022ರಲ್ಲಿ ಭಾರತದಲ್ಲಿ ತಯಾರಾದ ಸಿರಪ್ಪುಗಳ ಬಗ್ಗೆ, ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ, ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿದ್ದೂ ಅದರ ಕಾರಣಕ್ಕೇ. 1957ರಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ನಿದ್ದೆಗೂ ಬಸುರಿಯರ ವಾಕರಿಕೆಗೂ ಸುರಕ್ಷಿತವೆಂದು ಪ್ರಚಾರ ಪಡೆಯಿತು. 1961ರಲ್ಲಿ ಹಿಂತೆಗೆಯುವಷ್ಟರಲ್ಲಿ ಕೈಕಾಲು ಬೆಳೆಯದ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು ಹುಟ್ಟಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಪುರಾವೆ ಸಾಲದೆಂದು ಅನುಮತಿ ಕೊಡದೆ ಹಟ ಹಿಡಿದದ್ದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಮಾರುವ ಮುನ್ನ ಔಷಧ ಗುಣಕಾರಿಯೆಂದು ಸಾಬೀತು ಮಾಡಬೇಕೆಂಬ ಕಾನೂನು ಅಲ್ಲಿ ಬಂದದ್ದು 1962ರಲ್ಲಿ. ಅದೇ ಥಾಲಿಡೋಮೈಡ್ ಇಂದು ಕುಷ್ಠದ ಒಂದು ತೀವ್ರ ಪ್ರತಿಕ್ರಿಯೆಗೂ ಮೂಳೆಮಜ್ಜೆಯ ಕ್ಯಾನ್ಸರಿಗೂ ಬಿಗಿ ಕಾವಲಿನಲ್ಲಿ ಬಳಕೆಯಾಗುತ್ತಿದೆ.

ರೋಫೆಕಾಕ್ಸಿಬ್ ಎಂಬ ನೋವುನಿವಾರಕ ಹೃದಯಾಘಾತ ಹೆಚ್ಚಿಸುತ್ತದೆಂದು 2004ರಲ್ಲಿ ಮಾರುಕಟ್ಟೆ ಬಿಟ್ಟಿತು. ಜ್ವರಕ್ಕೆ ಮಕ್ಕಳಿಗೆಲ್ಲ ಕುಡಿಸುತ್ತಿದ್ದ ನಿಮೆಸುಲೈಡನ್ನು ಭಾರತ 12 ವರ್ಷದೊಳಗಿನವರಿಗೆ 2011ರಲ್ಲಿ ನಿಷೇಧಿಸಿತು. ಹಲವು ಔಷಧ ಕಲಸಿದ 344 ಸಂಯುಕ್ತ ಗುಳಿಗೆ-ಸಿರಪ್ಪುಗಳನ್ನು 2016ರಲ್ಲಿ ಒಟ್ಟಿಗೇ ನಿಷೇಧಿಸಬೇಕಾಯಿತು. ಅಷ್ಟು ವರ್ಷ ಅವು ಯಾವ ತರ್ಕದ ಮೇಲೆ ಮಾರಾಟವಾದವೋ ದೇವರೇ ಬಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಸಾಮಾನ್ಯ ಡ್ರಿಪ್ಪಿನ ಗುಣಮಟ್ಟದ ಮೇಲೆ. ಆ ತಯಾರಕರ ದ್ರಾವಣದ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಎಲ್ಲರ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೂಡ, ದಿನಕ್ಕೆ 4 ಗ್ರಾಂ ಎಂಬ ವಯಸ್ಕರ ಮಿತಿಯನ್ನು ಬಹಳವಾಗಿ ಮೀರಿದರೆ ಯಕೃತ್ತನ್ನೇ ಕೊಲ್ಲುತ್ತದೆ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡು ಅರ್ಧಕ್ಕೆ ಬಿಡುವ ಆ್ಯಂಟಿಬಯಾಟಿಕ್ಕಿನ ಪಾಪವನ್ನು ಊರಿಗೆ ಊರೇ ಹೊರಬೇಕಾಗುತ್ತದೆ.

ಈ ಪಟ್ಟಿ ಇಷ್ಟು ವಿವರವಾಗಿರುವುದಕ್ಕೆ ಕಾರಣ ಹಾನಿ ಹೆಚ್ಚೆಂಬುದು ಮಾತ್ರವಲ್ಲ. ಸತ್ತವರನ್ನು ಎಣಿಸಲಾಯಿತು, ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳಿಸಲಾಯಿತು, ಕೋರ್ಟಿನಲ್ಲಿ, ವಿಚಾರಣಾ ಆಯೋಗದಲ್ಲಿ ಕೇಳಲಾಯಿತು. ಗುಳಿಗೆಯ ಪೊಟ್ಟಣದೊಳಗಿನ ಕಾಗದದಲ್ಲಿ ಇಪ್ಪತ್ತು ಅಡ್ಡಪರಿಣಾಮಗಳಿದ್ದು ಚೂರ್ಣದ ಡಬ್ಬಿಯ ಮೇಲೆ ಒಂದೂ ಇಲ್ಲದಿದ್ದರೆ, ಚೂರ್ಣ ಹೆಚ್ಚು ಸುರಕ್ಷಿತ ಎಂದು ಓದುವವರೇ ಹೆಚ್ಚು. ಅದನ್ನು ಯಾರೂ ಹುಡುಕಿಲ್ಲ ಎಂಬುದೂ ಅಷ್ಟೇ ಸಂಭವನೀಯ ಅರ್ಥ.

ಎರಡೂ ಒಂದೇ ಹೊಟ್ಟೆಗೆ

ವೈದ್ಯರಿಗೆ ಹೇಳದೆ ಎರಡನ್ನೂ ತೆಗೆದುಕೊಳ್ಳುವುದು ನಮ್ಮಲ್ಲಿ ಮಾಮೂಲು. ಹೇಳಿದರೆ ಬೈಯುತ್ತಾರೆಂಬ ಅಂಜಿಕೆ. ಬೈಯುವ ವೈದ್ಯರೂ ಇದಕ್ಕೆ ಪಾಲುದಾರರು. ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳು ಸಾಮಾನ್ಯವಾಗಿ ಎರಡಕ್ಕೂ ಅವೇ. ಸೇಂಟ್ ಜಾನ್ಸ್ ವರ್ಟ್ ಆ ಕಿಣ್ವಗಳನ್ನು ಕೆರಳಿಸಿ ಕಸಿ ಮಾಡಿದ ಅಂಗ ಕಾಯುವ ಸೈಕ್ಲೋಸ್ಪೋರಿನ್, ಎಚ್‌ಐವಿ ಮಾತ್ರೆ, ಗರ್ಭನಿರೋಧಕಗಳನ್ನು ಬೇಗ ಒಡೆದುಹಾಕುತ್ತದೆ. ಕಸಿಯಾದ ಅಂಗ ತಿರಸ್ಕೃತವಾದ ಪ್ರಕರಣಗಳಿವೆ. ಚಕ್ಕೋತದ ರಸದ್ದು ತದ್ವಿರುದ್ಧ. ಅದು ಕಿಣ್ವವನ್ನು ತಡೆದು ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸುತ್ತದೆ. ದೇವನಹಳ್ಳಿಯ ಹಣ್ಣು ರುಚಿಗೆ ಹೆಸರಾದರೂ ಕಿಡ್ನಿ ಕಸಿ ಮಾಡಿಸಿಕೊಂಡವರು ಅದರಿಂದ ದೂರವಿರುವುದೇ ಒಳ್ಳೆಯದು. ಗಂಟಲಿಗೆಂದು ದಿನವೂ ಚೀಪುವ ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಇದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಸಕ್ಕರೆ ಕಾಯಿಲೆಯ ಗುಳಿಗೆಯ ಜೊತೆ ಮಧುನಾಶಿನಿ ಸೇರಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯುವ ಸಾಧ್ಯತೆ ಇದೆ. ಶಸ್ತ್ರಚಿಕಿತ್ಸೆಗೆ ಮುನ್ನ ಬೆಳ್ಳುಳ್ಳಿ, ಗಿಂಕೋ ಮಾತ್ರೆಗಳನ್ನು ನಿಲ್ಲಿಸಲು ಹೇಳುವುದು ರಕ್ತಸ್ರಾವದ ಭಯಕ್ಕೆ.

ಎಷ್ಟೋ ವೇಳೆ ಕೊಲ್ಲುವುದು ಮದ್ದಲ್ಲ, ಅದಕ್ಕಾಗಿ ಬಿಟ್ಟ ಚಿಕಿತ್ಸೆ. ಮೊದಲ ಬಗೆಯ ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿ ಕಷಾಯ ಕೊಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಭಾರತದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತಕ್ಕೆ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜು. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ಮೈಯೊಳಗೆ ವಿಷ ಬಿಡುವುದಿಲ್ಲ. ಅಂಥವರು ಬದುಕಿ, ಸೊಪ್ಪು ಅರೆದು ಕೊಟ್ಟವರ ಹೆಸರು ಬೆಳೆಯುತ್ತದೆ. ವಿಷವೇರಿದವರಿಗೆ ಆಸ್ಪತ್ರೆಯ ಪ್ರತಿವಿಷವೊಂದೇ ದಾರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕಾನೂನು ಮತ್ತು ವರದಿ

ಭಾರತದಲ್ಲಿ ಎರಡು ಬಗೆಯ ಔಷಧಗಳಿಗೂ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯೇ ಆಧಾರ. 1964ರಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳಿಗಾಗಿ ಬೇರೆ ಅಧ್ಯಾಯ ಸೇರಿತು. ಹೊಸ ರಾಸಾಯನಿಕ ಔಷಧ ಮನುಷ್ಯರ ಮೇಲಿನ ಹಂತಹಂತದ ಪ್ರಯೋಗ ದಾಟಿ ಬರಬೇಕು. ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಚೀನ ಗ್ರಂಥಗಳಲ್ಲಿ ಪಾಠ ಇರುವ ಆಯುರ್ವೇದ ಮದ್ದಿಗೆ ಆ ಗ್ರಂಥವೇ ಪ್ರಮಾಣ. ಕಂಪನಿಗಳು ತಾವೇ ಕಲಸಿ ಹೆಸರಿಟ್ಟ ಮಿಶ್ರಣಗಳಿಗೆ 2010ರ ನಿಯಮ ಒಂದಿಷ್ಟು ಪುರಾವೆ ಕೇಳುತ್ತದೆ. ಮಧುಮೇಹ ಮುಂತಾದ 54 ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಮಾಂತ್ರಿಕ ಔಷಧ ಕಾಯ್ದೆ ನಿಷೇಧಿಸಿದೆ. ಟಿವಿ ಹಾಕಿದವರಿಗೆ ಇದು ನಂಬಲು ಕಷ್ಟ. ಆಯುಷ್ ಜಾಹೀರಾತುಗಳಿಗೆ ಮುಂಚಿತ ಅನುಮತಿ ಬೇಕೆಂದ 2018ರ ನಿಯಮವನ್ನು ಕೇಂದ್ರವೇ ಕೈಬಿಡಲು ಹೊರಟು, ವಿಷಯ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಮೆರಿಕದಲ್ಲಿ 1994ರಿಂದ ಮೂಲಿಕೆಗಳು ಪೂರಕ ಆಹಾರದ ಹೆಸರಿನಲ್ಲಿ ಮುಂಚಿತ ಪರೀಕ್ಷೆಯಿಲ್ಲದೆ ಮಾರಾಟವಾಗುತ್ತವೆ. ಯೂರೋಪಿನಲ್ಲಿ ಸರಳ ನೋಂದಣಿಗೆ 30 ವರ್ಷಗಳ, ಅದರಲ್ಲಿ 15 ವರ್ಷ ಯೂರೋಪಿನದೇ ಆದ, ಬಳಕೆಯ ದಾಖಲೆ ಬೇಕು. ಬಳಕೆಯ ದಾಖಲೆಯೆಂದರೆ ಗುಣದ ಪುರಾವೆಯಲ್ಲವೆಂದು ಅಲ್ಲಿಯ ಲೇಬಲ್ ಒಪ್ಪಿಕೊಳ್ಳುತ್ತದೆ.

ಔಷಧದ ಕೆಟ್ಟ ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಗಿ ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗದಿಂದ ನಡೆಯುತ್ತಿದೆ. ಆಯುಷ್ ಔಷಧಗಳಿಗೆ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡ ಪ್ರತ್ಯೇಕ ಜಾಲ 2018ರಿಂದ ಇದೆ. ವೈದ್ಯರಷ್ಟೇ ಅಲ್ಲ, ರೋಗಿ ಅಥವಾ ಮನೆಯವರು ಕೂಡ ವರದಿ ಕೊಡಬಹುದು. ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಔಷಧದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ತೆಗೆದುಕೊಂಡ ಪ್ರಮಾಣ ಮತ್ತು ದಿನಗಳು, ಜೊತೆಯಲ್ಲಿ ಸೇವಿಸುತ್ತಿದ್ದ ಇತರ ಮದ್ದುಗಳು ವರದಿಯಲ್ಲಿರಬೇಕು. ನಾಟಿ ಮದ್ದಾದರೆ ಉಳಿದ ಪುಡಿ, ಬೇರು ಅಥವಾ ಎಲೆಯನ್ನು ಎಸೆಯದೆ ಇಟ್ಟುಕೊಂಡು ಆಸ್ಪತ್ರೆಗೆ ಒಯ್ದರೆ ಗಿಡ ಯಾವುದೆಂದು ಗುರುತಿಸಲು ಅದೇ ಮುಖ್ಯ ಆಧಾರವಾಗುತ್ತದೆ.